ಮೀನಾ ಯಾರ ಮಗಳು?

ಮೀನಾಗೆ ಒಂಬತ್ತು ವರ್ಷ. ತಮ್ಮ ರಾಜು ಶಾಲೆಗೆ ಹೋಗುತ್ತಾನೆ. ಮೀನಾ ಮನೆಯಲ್ಲಿ ಉಳಿದು ಕೋಳಿ ನೋಡಿಕೊಳ್ಳುತ್ತಾಳೆ, ಪುಟ್ಟ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಾಳೆ. ಶಾಲೆಗೆ ಹೋಗಬೇಕೆಂಬ ಆಸೆ ಅವಳಿಗೂ ಇದೆ, ಆದರೆ ಹೆಣ್ಣು ಮಗುವಿಗೆ ಓದು ಯಾಕೆಂದು ಹಿರಿಯರ ಎಣಿಕೆ. ಆಗ ಅವಳು ತನ್ನ ಸಾಕು ಗಿಳಿ ಮಿಟ್ಠುವನ್ನು ಶಾಲೆಗೆ ಕಳಿಸುತ್ತಾಳೆ. ಗಿಳಿ ಅಲ್ಲಿ ಕೇಳಿದ ಮಗ್ಗಿಯನ್ನು ಮನೆಗೆ ಬಂದು ಒಪ್ಪಿಸುತ್ತದೆ. ಹೀಗೆ ಲೆಕ್ಕ ಕಲಿತ ಹುಡುಗಿ ಒಂದು ದಿನ ಕೋಳಿಗಳನ್ನು ಎಣಿಸುತ್ತಾಳೆ. ಒಂದು ಕಡಿಮೆ! ಕಳ್ಳನ ಬೆನ್ನು ಹತ್ತುತ್ತಾರೆ, ಕಳ್ಳ ಸಿಕ್ಕಿಬೀಳುತ್ತಾನೆ, ಅಪ್ಪನ ಮನಸ್ಸು ಕರಗುತ್ತದೆ. ಮೀನಾ ಶಾಲೆಗೆ ಹೊರಡುತ್ತಾಳೆ.

‘ಕೌಂಟ್ ಯುವರ್ ಚಿಕನ್ಸ್’ ಎಂಬ ಈ ಪುಟ್ಟ ಕಾರ್ಟೂನ್ ಚಿತ್ರವನ್ನು ಯುನಿಸೆಫ್ ಸಂಸ್ಥೆ 1990ರ ದಶಕದ ಆರಂಭದಲ್ಲಿ ಢಾಕಾದಿಂದ ಹೊರತಂದಿತು. ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನಗಳ ಕೋಟ್ಯಂತರ ಮಕ್ಕಳಿಗೆ ಮೀನಾ ಪರಿಚಯವಾದದ್ದು ಈ ಸರಣಿಯಿಂದಲೇ. ಚಿತ್ರ ಚೆನ್ನಾಗಿದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದರ ಹಿಂದೆ ಒಂದು ಪ್ರಶ್ನೆ ಇದೆ. ಈ ಚಿತ್ರ ಯಾರಿಗಾಗಿ? ಶಾಲೆಗೆ ಹೋಗದ ಹುಡುಗಿಗಾಗಿಯೇ? ಅವಳು ನೋಡಿ ಮಾಡುವುದಾದರೂ ಏನು? ಅಪ್ಪನಿಗಾಗಿ ಎಂದಾದರೆ, ಹೊಲದಿಂದ ದಣಿದು ಬಂದ ಗಂಡಸು ಗಿಳಿಯ ಕಾರ್ಟೂನನ್ನು ಯಾಕೆ ನೋಡಬೇಕು? ಹತ್ತು ಹದಿನೈದು ನಿಮಿಷದ ಚಿತ್ರದ ಮುಂದೆ ಕೂರುವವರು ಯಾರು ಎಂಬುದನ್ನು ಗೊತ್ತು ಮಾಡಿಕೊಳ್ಳಲು ಒಂದು ತಂಡ ನಾಲ್ಕು ದೇಶಗಳ ಹಳ್ಳಿ ಹಳ್ಳಿ ಅಲೆದದ್ದು ನಮ್ಮ ಉಪಖಂಡದ ಸಾಂಸ್ಕೃತಿಕ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ. ಅದನ್ನು ಓದುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಪ್ರೇಕ್ಷಕರು ಯಾರೆಂದು ಖಚಿತವಾಗಿ ತಿಳಿದಿದ್ದಾಗ ಕಾರ್ಟೂನಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಕಾಲದ ಒಂದು ಉದಾಹರಣೆ ಇದೆ. 1943ರಿಂದ 1945ರವರೆಗೆ ಅಮೆರಿಕದ ಸೈನ್ಯ ತನ್ನ ಸಿಪಾಯಿಗಳಿಗಾಗಿಯೇ ‘ಪ್ರೈವೇಟ್ ಸ್ನಾಫು’ ಎಂಬ ಕಿರುಚಿತ್ರಗಳನ್ನು ಮಾಡಿಸಿತು. ಸ್ನಾಫು ಒಬ್ಬ ದಡ್ಡ ಸಿಪಾಯಿ. ಗುಟ್ಟು ಬಿಟ್ಟುಕೊಡುತ್ತಾನೆ, ಸೊಳ್ಳೆಪರದೆ ಕಟ್ಟದೆ ಮಲಗುತ್ತಾನೆ, ಫಜೀತಿಗೆ ಬೀಳುತ್ತಾನೆ. ಮುಂದೆ ಮಕ್ಕಳ ಪುಸ್ತಕಗಳಿಂದ ‘ಡಾಕ್ಟರ್ ಸ್ಯೂಸ್’ ಎಂದು ಜಗತ್ಪ್ರಸಿದ್ಧರಾದ ಥಿಯೊಡೋರ್ ಗೈಸೆಲ್ ಈ ಸರಣಿಗೆ ಬರೆದವರಲ್ಲಿ ಒಬ್ಬರು. ಊರಿನ ಚಿತ್ರಮಂದಿರಗಳಿಗೆ ಈ ಚಿತ್ರಗಳು ಬರುವಂತಿರಲಿಲ್ಲ. ಆದ್ದರಿಂದ ಸಾರ್ವಜನಿಕ ಚಿತ್ರಗಳ ಸಭ್ಯತೆಯ ಕಟ್ಟಳೆಯೂ ಅವಕ್ಕೆ ಇರಲಿಲ್ಲ. ಬ್ಯಾರಕ್ಕಿನ ಒರಟು ಮಾತು, ಪೋಲಿ ನಗೆ ಎಲ್ಲವೂ ಒಳಗೆ ಬಂದವು. ಸಿಪಾಯಿಗೆ ಸಿಪಾಯಿಯ ಭಾಷೆ.

ಅದೇ 1943ರಲ್ಲಿ ಡಿಸ್ನಿ ಸ್ಟುಡಿಯೊ ಲ್ಯಾಟಿನ್ ಅಮೆರಿಕದ ಜನರಿಗಾಗಿ ಮಲೇರಿಯಾ ಕುರಿತು ‘ದಿ ವಿಂಗ್ಡ್ ಸ್ಕರ್ಜ್’ ಎಂಬ ಚಿತ್ರ ಮಾಡಿತು. ಸ್ನೋವೈಟ್ ಕತೆಯ ಏಳು ಮಂದಿ ಕುಳ್ಳರು ಅದರಲ್ಲಿ ಬಂದು ಸೊಳ್ಳೆಯ ವಿರುದ್ಧ ಹೋರಾಡುತ್ತಾರೆ, ಕೊಳಕ್ಕೆ ಎಣ್ಣೆ ಸಿಂಪಡಿಸುತ್ತಾರೆ. ಸ್ನೋವೈಟ್ ಚಿತ್ರ ನೋಡಿದ್ದ ಪಟ್ಟಣಿಗನಿಗೆ ಇದು ಮೋಜು. ಸಿನಿಮಾವನ್ನೇ ಕಾಣದ ರೈತನಿಗೆ ಈ ಏಳು ಕುಳ್ಳರು ಯಾರು, ಎಲ್ಲಿಂದ ಬಂದರು? ಮುಂದಿನ ಆರೋಗ್ಯ ಚಿತ್ರಗಳಲ್ಲಿ ಡಿಸ್ನಿಯವರು ಈ ಪ್ರಸಿದ್ಧ ಪಾತ್ರಗಳನ್ನು ಕೈಬಿಟ್ಟು ಸಾಧಾರಣ ರೈತ ಕುಟುಂಬವನ್ನು ತಂದರು.

ಬ್ರಿಟಿಷರ ದಾರಿ ಬೇರೆ. 1939ರಲ್ಲಿ ಅವರು ‘ಕಲೋನಿಯಲ್ ಫಿಲ್ಮ್ ಯೂನಿಟ್’ ಸ್ಥಾಪಿಸಿದರು. ನೈಜೀರಿಯಾದಲ್ಲಿ ಆರೋಗ್ಯಾಧಿಕಾರಿಯಾಗಿದ್ದ ವಿಲಿಯಂ ಸೆಲ್ಲರ್ಸ್ ಅದರ ಮುಖ್ಯಸ್ಥ. ಆಫ್ರಿಕಾದ ಪ್ರೇಕ್ಷಕನ ಬುದ್ಧಿಯೇ ಬೇರೆ ಬಗೆಯದು, ಅವನಿಗೆ ಚಿತ್ರ ನಿಧಾನವಾಗಿ ಸಾಗಬೇಕು, ಕ್ಯಾಮೆರಾದ ಚಮತ್ಕಾರ ಕೂಡದು ಎಂದು ಅವರು ನಿಯಮಗಳನ್ನೇ ಮಾಡಿದರು. ಈ ಕಾಲದಿಂದ ಹೊರಟ ಒಂದು ಕತೆಯನ್ನು ಮಾಧ್ಯಮ ತಜ್ಞರು ಇಂದಿಗೂ ಹೇಳುತ್ತಾರೆ. ಮಾರ್ಷಲ್ ಮೆಕ್ಲೂಹಾನ್ ತಮ್ಮ 1962ರ ಪುಸ್ತಕದಲ್ಲಿ ಇದನ್ನು ಉದ್ಧರಿಸಿದ ಮೇಲೆ ಅದಕ್ಕೆ ರೆಕ್ಕೆ ಬಂತು. ಆಫ್ರಿಕಾದ ಒಂದು ಹಳ್ಳಿಯಲ್ಲಿ ನಿಂತ ನೀರನ್ನು ಬಳಿದು ಹಾಕುವ ಬಗ್ಗೆ ಐದು ನಿಮಿಷದ ಚಿತ್ರ ತೋರಿಸಿದರಂತೆ. ಏನು ಕಂಡಿರಿ ಎಂದು ಕೇಳಿದಾಗ, ಕೋಳಿ ಕಂಡೆವು ಎಂದರಂತೆ ಜನ. ಚಿತ್ರ ಮಾಡಿದವರಿಗೆ ಅದರಲ್ಲೊಂದು ಕೋಳಿ ಇದೆಯೆಂಬುದೇ ಗೊತ್ತಿರಲಿಲ್ಲ. ಹುಡುಕಿ ನೋಡಿದರೆ ಒಂದು ಮೂಲೆಯಲ್ಲಿ ಒಂದು ಕ್ಷಣ ಒಂದು ಕೋಳಿ ಹಾದು ಹೋಗಿತ್ತು.

ಈ ಕತೆಯನ್ನು ಹೇಳುವವರು ಹಳ್ಳಿಗರ ‘ಅಜ್ಞಾನ’ಕ್ಕೆ ನಗುತ್ತಾರೆ. ನನಗೆ ಅನಿಸುವುದು ಬೇರೆ. ಕೋಳಿ ಸಾಕುವವನ ಕಣ್ಣು ಕೋಳಿಯ ಮೇಲೆ ಬೀಳುತ್ತದೆ. ಅದು ಚಿತ್ರದಲ್ಲಿ ಇದ್ದದ್ದೂ ನಿಜ. ತಮ್ಮ ಚಿತ್ರದಲ್ಲಿ ಏನಿದೆ ಎಂಬುದನ್ನು ತಾವೇ ನೋಡದವರು ಮಾಡಿದವರಲ್ಲವೇ? ಅಧಿಕಾರ ಕೈಯಲ್ಲಿರುವವನು ಪ್ರೇಕ್ಷಕನನ್ನು ‘ಗುರುತಿಸುವುದು’ ಎಂದರೆ ಬಹಳ ಸಲ ಅವನ ಕೊರತೆಗಳ ಪಟ್ಟಿ ಮಾಡುವುದು ಎಂದೇ ಆಗಿತ್ತು.

ಸ್ವತಂತ್ರ ಭಾರತದಲ್ಲಿ ಪ್ರಶ್ನೆಯೇ ಏಳಲಿಲ್ಲ ಎನ್ನಬಹುದು. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭವಾಯಿತು. ಸರ್ಕಾರದ ಅನುಮೋದಿತ ಚಿತ್ರವನ್ನು ಕಥಾಚಿತ್ರದ ಮೊದಲು ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯ. ಎಂದರೆ ಟಿಕೆಟ್ ಕೊಂಡು ಒಳಗೆ ಬಂದವರೆಲ್ಲ ಪ್ರೇಕ್ಷಕರು. ರಾಜ್‌ಕುಮಾರ್ ಚಿತ್ರಕ್ಕೆ ಬಂದವನೂ ಸರಿ, ದಿಲೀಪ್ ಕುಮಾರ್ ಚಿತ್ರಕ್ಕೆ ಬಂದವನೂ ಸರಿ. ‘ನ್ಯೂಸ್‌ರೀಲ್ ಮುಗಿಯಲಿ’ ಎಂದು ಹೊರಗೆ ಬೀಡಿ ಸೇದುತ್ತ ನಿಂತ ಗಂಡಸರನ್ನು ಹಳಬರು ಮರೆತಿರಲಾರರು. ಒತ್ತಾಯದಿಂದ ಕೂರಿಸಿದವರಿಗಾಗಿ ಚಿತ್ರ ಮಾಡುವಾಗ, ಯಾರು ಕೂತಿದ್ದಾರೆ ಎಂದು ಕೇಳುವ ಅಗತ್ಯ ಮಾಡುವವರಿಗೆ ಕಾಣುವುದಿಲ್ಲ.

ಆದರೆ ಈ ಸಂಸ್ಥೆಯಿಂದಲೇ ಮೀನಾಳ ಚಿತ್ರಕಾರರು ಬಂದರು. 1956ರಲ್ಲಿ ಬೊಂಬಾಯಿಯಲ್ಲಿ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ತೆರೆಯಿತು. ತರಬೇತಿ ಕೊಡಲು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅಮೆರಿಕದ ನೆರವು ಯೋಜನೆಯಲ್ಲಿ ಬಂದರು. ಕ್ರೈಸ್ತ ಮಿಷನರಿ ದಂಪತಿಗಳ ಮಗನಾಗಿ ಭಾರತದಲ್ಲೇ ಹುಟ್ಟಿದ್ದವರು ಅವರು. ಅಲ್ಲಿ ತಯಾರಾದ ‘ದಿ ಬನ್ಯನ್ ಡೀರ್’ (1957) ಜಾತಕ ಕತೆಯನ್ನು ಅಜಂತಾ ಚಿತ್ರಗಳ ಶೈಲಿಯಲ್ಲಿ ಹೇಳಿತು. ಆಗ ಅಲ್ಲಿ ಕಲಿತವರಲ್ಲಿ ಒಬ್ಬರು ರಾಮ್ ಮೋಹನ್, 1931ರಲ್ಲಿ ಹುಟ್ಟಿದವರು. ಹನ್ನೊಂದು ಹನ್ನೆರಡು ವರ್ಷ ಸರ್ಕಾರಿ ಕಾರ್ಟೂನು ಬರೆದು, ಆಮೇಲೆ ಹೊರಬಂದು, 1972ರಲ್ಲಿ ತಮ್ಮದೇ ಸ್ಟುಡಿಯೊ ತೆರೆದರು.

ಹಳ್ಳಿಯ ಕಣ್ಣು

ಪ್ರೇಕ್ಷಕರನ್ನು ಹುಡುಕಿಕೊಂಡು ಹೋಗುವ ಮೊದಲ ದೊಡ್ಡ ಪ್ರಯತ್ನ ನಮ್ಮ ಕರ್ನಾಟಕವನ್ನೂ ಮುಟ್ಟಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಅದು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯ ಟಿವಿಗಳು ಬಂದವು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಶಾಲೆಯ ಮಾಡಿನ ಮೇಲೋ ಪಕ್ಕದಲ್ಲೋ ಹತ್ತು ಅಡಿ ಅಗಲದ ತಟ್ಟೆ. ಅದನ್ನು ಮಾಡಿದ್ದು ಕೋಳಿಗೂಡಿಗೆ ಹಾಕುವ ತಂತಿ ಬಲೆಯಿಂದ. (ಈ ಚರಿತ್ರೆಯಲ್ಲಿ ಕೋಳಿ ಯಾಕೋ ಹಿಂಬಾಲಿಸಿಕೊಂಡೇ ಬರುತ್ತಿದೆ.)

ಬೆಳಿಗ್ಗೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಹಿಂದಿ, ಕನ್ನಡ, ತೆಲುಗು, ಒಡಿಯಾ ಈ ನಾಲ್ಕು ಭಾಷೆಗಳಲ್ಲಿ ಪ್ರತ್ಯೇಕ. ಸಂಜೆ ಊರಿನವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ. ಇಸ್ರೋ ಸಂಸ್ಥೆ ಎಂಜಿನಿಯರುಗಳ ಜೊತೆಗೆ ಸಮಾಜಶಾಸ್ತ್ರಜ್ಞರನ್ನೂ ಮಾನವಶಾಸ್ತ್ರಜ್ಞರನ್ನೂ ನೇಮಿಸಿಕೊಂಡು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇರಿಸಿತು. ಟಿವಿ ಮುಂದೆ ಯಾರು ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ ಎಂದು ನೋಡುವುದೇ ಅವರ ಕೆಲಸ. ಮೊದಲ ದಿನಗಳ ಜಾತ್ರೆ ಕರಗಿ ನೋಡುವವರ ಸಂಖ್ಯೆ ಇಳಿಯಿತು. ಹಿರಿಯರಿಗೆಂದು ಮಾಡಿದ ಸಂಜೆಯ ಕಾರ್ಯಕ್ರಮಕ್ಕೂ ಮಕ್ಕಳೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹೆಂಗಸರು ಗಂಡಸರಿಗಿಂತ ಕಡಿಮೆ ಬಂದರು. ಕಾಗದದಲ್ಲಿದ್ದ ಪ್ರೇಕ್ಷಕರು ಬೇರೆ, ನೆಲದ ಮೇಲೆ ಕೂತವರು ಬೇರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಗುಲ್ಬರ್ಗ, ಬಿಜಾಪುರದ ಹಳ್ಳಿ ಎಂದರೆ ಕನ್ನಡದ ಹಳ್ಳಿ ಎಂದು ದೆಹಲಿಯ ನಕ್ಷೆ ಹೇಳುತ್ತಿತ್ತು. ಆದರೆ ಅಲ್ಲಿ ಮನೆಯೊಳಗೆ ದಖನಿ ಉರ್ದು ಆಡುವ ಮುಸ್ಲಿಂ ಕುಟುಂಬಗಳಿವೆ, ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರಿದ್ದಾರೆ. ಆ ಮನೆಯ ಗಂಡಸು ಸಂತೆಯಲ್ಲಿ, ಹೊಲದಲ್ಲಿ ಕನ್ನಡ ಆಡುತ್ತಾನೆ. ಹೊರಗೆ ಹೆಚ್ಚು ಹೋಗದ ಅವನ ತಾಯಿಗೆ, ಹೆಂಡತಿಗೆ ಕನ್ನಡ ಅಷ್ಟು ಸಲೀಸಲ್ಲ. ಒಂದು ಜಿಲ್ಲೆಗೆ ಒಂದು ಭಾಷೆ ಎಂದು ಲೆಕ್ಕ ಹಾಕಿದ ಕೂಡಲೇ ಯಾರಿಗೆ ಮಾತು ತಲುಪಬೇಕಿತ್ತೋ ಆ ಹೆಣ್ಣುಮಕ್ಕಳಲ್ಲಿ ಒಂದು ಭಾಗ ಪಟ್ಟಿಯಿಂದ ಜಾರಿ ಹೋಗುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ. ಪ್ರೇಕ್ಷಕರನ್ನು ಗುರುತಿಸುವ ಕೆಲಸದಲ್ಲಿ ಮೊದಲ ಗೆರೆ ಎಳೆಯುವ ಕೈಗೆ ಇದು ಕಾಣಿಸುವುದೇ ಇಲ್ಲ, ಅಷ್ಟೇ.

ಶೈಕ್ಷಣಿಕ ತಂತ್ರಜ್ಞಾನ ಕೇಂದ್ರದಲ್ಲಿದ್ದುಕೊಂಡು ಸೈಟ್‌ನ ಮಕ್ಕಳ ಕಾರ್ಯಕ್ರಮಗಳಿಗೆ ದುಡಿದ ವಿಜಯಾ ಮುಳೆ ಅವರೇ 1974ರ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಕಾರ್ಟೂನ್ ಕಿರುಚಿತ್ರದ ನಿರ್ದೇಶಕಿ. ಚಿತ್ರ ಬರೆದು ಜೀವ ತುಂಬಿದವರು ಭೀಮ್‌ಸೇನ್. ದೂರದರ್ಶನದ ಕಾಲದ ಮಕ್ಕಳಿಗೆಲ್ಲ ಅದು ಗೊತ್ತು. ಬಲೆಯನ್ನು ಹೊತ್ತು ಹಾರುವ ಹಕ್ಕಿಗಳು, ಅಕ್ಕನನ್ನು ಪ್ರಶ್ನೆ ಕೇಳುವ ತಮ್ಮ. ಯಾವ ಮಗುವಿಗೆ ಈ ಚಿತ್ರ ಎಂದು ಅದನ್ನು ನೋಡಿದ ಕೂಡಲೇ ಹೇಳಬಹುದು. ‘ಅನೇಕ’ ಎಂದರೇನು ಎಂದು ಕೇಳುವ ವಯಸ್ಸಿನ ಮಗುವಿಗೆ. ಚಿತ್ರ ಆ ಮಗುವಿನ ಪ್ರಶ್ನೆಯನ್ನು ಬಿಟ್ಟು ಆಚೆ ಹೋಗುವುದಿಲ್ಲ. ರಾಷ್ಟ್ರೀಯ ಏಕತೆಯ ಬಗ್ಗೆ ಸರ್ಕಾರಿ ದುಡ್ಡಿನಲ್ಲಿ ಬಂದ ನೂರಾರು ಚಿತ್ರಗಳಲ್ಲಿ ಜನ ತಾವಾಗಿಯೇ ನೆನಪಿಟ್ಟುಕೊಂಡದ್ದು ಹೆಚ್ಚುಕಡಿಮೆ ಇದೊಂದನ್ನೇ ಎಂದರೆ ತಪ್ಪಾಗಲಾರದು.

ಅದೇ ಸಮಯದಲ್ಲಿ ನೇಪಾಳದಲ್ಲಿ ಇನ್ನೊಂದು ಕೆಲಸ ನಡೆಯಿತು. ಡಯಾನಾ ಫಸೆಲ್ ಮತ್ತು ಆನೆ ಹಾಲಂಡ್ ಎಂಬ ಇಬ್ಬರು ಯುನಿಸೆಫ್ ನೆರವಿನಲ್ಲಿ ನಾನೂರಕ್ಕೂ ಹೆಚ್ಚು ಹಳ್ಳಿಗರಿಗೆ ಚಿತ್ರಗಳನ್ನು ತೋರಿಸಿ ಏನು ಕಾಣುತ್ತದೆ ಎಂದು ಕೇಳಿದರು. 1976ರಲ್ಲಿ ಬಂದ ಅವರ ವರದಿ ಚಿಕ್ಕದು, ಆದರೆ ಅಕ್ಷರ ಬಾರದವರಿಗಾಗಿ ಚಿತ್ರ ಬರೆಯುವವರೆಲ್ಲ ಅದನ್ನು ಓದಿದರು. ಸಾಲಾಗಿ ಬರೆದ ಮೂರು ಚಿತ್ರಗಳನ್ನು ಎಡದಿಂದ ಬಲಕ್ಕೆ ಓದಿ ಕತೆ ಕಟ್ಟುವುದು ಶಾಲೆಗೆ ಹೋದವರ ಅಭ್ಯಾಸ. ಹಳ್ಳಿಗರಿಗೆ ಅವು ಮೂರು ಬೇರೆ ಬೇರೆ ಚಿತ್ರಗಳು. ಸಂಕೇತಗಳನ್ನು ಅವರು ಸಂಕೇತ ಎಂದು ತೆಗೆದುಕೊಳ್ಳುತ್ತಿರಲಿಲ್ಲ, ಬರೆದದ್ದನ್ನು ಬರೆದಂತೆಯೇ ನೋಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ಎಂದರೆ ತಮಗೆ ಏನೋ ಹೇಳಲು ಬಂದದ್ದು ಎಂಬ ನಿರೀಕ್ಷೆಯೇ ಅವರಲ್ಲಿ ಇರಬೇಕೆಂದಿಲ್ಲ. ಗೋಡೆಯ ಮೇಲಿನ ಚಿತ್ರ ಅಲಂಕಾರಕ್ಕೆ. ಅದು ಉಪದೇಶ ಮಾಡುತ್ತದೆ ಎಂದು ಯಾರು ಹೇಳಿದರು?

ಸೆಲ್ಲರ್ಸ್‌ನ ನಿಯಮಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಚಿತ್ರ ಓದುವುದೂ ಒಂದು ಕಲಿಕೆ, ಕಲಿಯದವನಿಗೆ ಬರುವುದಿಲ್ಲ, ಕಲಿತರೆ ಬರುತ್ತದೆ ಎಂದು ನೇಪಾಳದ ವರದಿಯನ್ನು ಓದಿದವರಿಗೆ ತಿಳಿಯುತ್ತದೆ. ಹಳ್ಳಿಗನ ಬುದ್ಧಿಯ ಮೇಲೆ ಅದು ತೀರ್ಪು ಕೊಡಲಿಲ್ಲ.

ಎಲ್ಲರ ಹುಡುಗಿ

1990ನ್ನು ಸಾರ್ಕ್ ದೇಶಗಳು ಹೆಣ್ಣು ಮಗುವಿನ ವರ್ಷವೆಂದು ಘೋಷಿಸಿದವು. 1991ರಿಂದ 2000ದವರೆಗೆ ಹೆಣ್ಣು ಮಗುವಿನ ದಶಕ. ಘೋಷಣೆಗಳು ಸಮ್ಮೇಳನಗಳಲ್ಲಿ ಉಳಿಯುವುದು ವಾಡಿಕೆ. ಢಾಕಾದ ಯುನಿಸೆಫ್ ಕಚೇರಿಯಲ್ಲಿ ಸಂವಹನ ವಿಭಾಗದ ಹೊಣೆ ಹೊತ್ತಿದ್ದ ಕೆನಡಾದ ನೀಲ್ ಮೆಕ್ಕೀ ಅವರಿಗೆ ಒಬ್ಬ ಕಾರ್ಟೂನ್ ಹುಡುಗಿಯ ಯೋಚನೆ ಬಂತು. ಬೊಂಬಾಯಿಯ ರಾಮ್ ಮೋಹನ್ ಅವಳ ರೂಪ ಬರೆದರು. ಕತೆ ಬರೆದವರಲ್ಲಿ ರೇಚಲ್ ಕಾರ್ನೆಗಿ ಇದ್ದರು. ಮೊದಲ ಚಿತ್ರಗಳ ಅನಿಮೇಶನ್ ಆದದ್ದು ಮನಿಲಾದಲ್ಲಿ, ‘ಟಾಮ್ ಅಂಡ್ ಜೆರ್ರಿ’ ಸೃಷ್ಟಿಕರ್ತರಾದ ಹಾನ್ನಾ-ಬಾರ್ಬೆರಾ ಅವರ ಸಂಸ್ಥೆಯ ಅಲ್ಲಿನ ಸ್ಟುಡಿಯೊದಲ್ಲಿ. ನಂತರದವು ಮುಂಬೈಯಲ್ಲಿ ರಾಮ್ ಮೋಹನ್ ಅವರ ಸ್ಟುಡಿಯೊದಲ್ಲಿಯೇ ತಯಾರಾದವು. ನಾರ್ವೆ ಸರ್ಕಾರದ ಹಣದ ನೆರವಿತ್ತು.

ಆದರೆ ಬಣ್ಣ ಹಚ್ಚುವ ಮೊದಲು ಕಚ್ಚಾ ರೇಖಾಚಿತ್ರಗಳನ್ನು ಹಿಡಿದುಕೊಂಡು ಸಂಶೋಧಕರು ಹಳ್ಳಿಗಳಿಗೆ ಹೋದರು. ವರ್ತನ ವಿಜ್ಞಾನಿ ಮೀರಾ ಆಘಿ ಈ ಕೆಲಸದಲ್ಲಿ ಪ್ರಮುಖರು. ಹುಡುಗಿಯರ ಗುಂಪು ಬೇರೆ, ಹುಡುಗರ ಗುಂಪು ಬೇರೆ, ತಾಯಂದಿರು, ತಂದೆಯರು ಬೇರೆ ಬೇರೆ. ಈ ಹುಡುಗಿ ನಿಮ್ಮ ಊರಿನವಳಂತೆ ಕಾಣುತ್ತಾಳೆಯೇ? ಅವಳ ಬಟ್ಟೆ ಸರಿ ಇದೆಯೇ? ಅವಳು ಅಪ್ಪನಿಗೆ ಹೀಗೆ ಎದುರು ಮಾತಾಡಬಹುದೇ? ಒಟ್ಟು ಹತ್ತು ಸಾವಿರಕ್ಕೂ ಮಿಕ್ಕಿ ಜನರ ಅಭಿಪ್ರಾಯ ಪಡೆದೆವು ಎಂದು ಯುನಿಸೆಫ್ ಹೇಳಿಕೊಂಡಿದೆ. ಹತ್ತು ನಿಮಿಷದ ಚಿತ್ರಗಳಿಗಾಗಿ ಹತ್ತು ಸಾವಿರ ಜನ!

ಹೆಸರಿನ ಪ್ರಶ್ನೆಯೇ ದೊಡ್ಡದಾಯಿತು. ನಮ್ಮ ಉಪಖಂಡದಲ್ಲಿ ಹೆಸರು ಕೇಳಿದ ಕೂಡಲೇ ಧರ್ಮ ಗೊತ್ತಾಗುತ್ತದೆ, ಅನೇಕ ಕಡೆ ಜಾತಿಯೂ ಗೊತ್ತಾಗುತ್ತದೆ. ಆಯಿಶಾ ಎಂದರೆ ಬಿಹಾರದ ಹಿಂದೂ ಮನೆಯವರು ‘ಇದು ಅವರ ಮಕ್ಕಳ ಕತೆ’ ಎಂದಾರು. ಲಕ್ಷ್ಮಿ ಎಂದರೆ ಸಿಂಧ್ ಪ್ರಾಂತ್ಯದ ಹಳ್ಳಿಯಲ್ಲಿ ಅದೇ ಮಾತು ತಿರುಗಿ ಬಂದೀತು. ‘ಮೀನಾ’ ಎರಡೂ ಮನೆಗಳಲ್ಲಿ ಇರುವ ಹೆಸರು. ಸಂಸ್ಕೃತದಲ್ಲಿ ಮೀನು. ಮುಸ್ಲಿಮರ ಮನೆಯಲ್ಲಿ ಅದು ಫಾರಸಿ ಮೂಲದ ಮೀನಾ, ಮೀನಾಕಾರಿ ಎನ್ನುತ್ತೇವಲ್ಲ, ಗಾಜು, ಬಣ್ಣದ ಕುಸುರಿ. ಬೇರು ಎರಡು, ಕರೆಯುವುದು ಒಂದೇ. ಮೀನಾ ಕುಮಾರಿಯ ಅಭಿಮಾನಿಗಳಲ್ಲಿ ಎಷ್ಟು ಜನಕ್ಕೆ ಆಕೆಯ ಹೆಸರು ಮಹಜಬೀನ್ ಎಂದು ಗೊತ್ತಿತ್ತು? ರಾಜು, ಮಿಟ್ಠು, ತಂಗಿ ರಾಣಿ ಎಲ್ಲವೂ ಇಂಥವೇ ಹೆಸರುಗಳು, ಯಾರ ಅಂಗಳದಲ್ಲಿ ನಿಂತು ಕೂಗಿದರೂ ಒಬ್ಬ ಮಗು ಓಡಿ ಬರುವಂಥವು.

ಉಡುಪಿನಲ್ಲೂ ಅದೇ ಲೆಕ್ಕ. ಉದ್ದ ಲಂಗ ತೊಟ್ಟ ಹುಡುಗಿ ಯಾವ ದೇಶದವಳು ಎಂದು ಕಟ್ಟಿಹಾಕಲು ಬರುವುದಿಲ್ಲ. ಅವಳ ಹಳ್ಳಿ ಯಾವುದು, ಯಾವ ನದಿಯ ದಡದ್ದು ಎಂದು ಚಿತ್ರ ಹೇಳುವುದಿಲ್ಲ. ಢಾಕಾದ ಮಗು ತನ್ನೂರು ಎಂದುಕೊಂಡಿತು, ಕಠ್ಮಂಡುವಿನ ಮಗು ತನ್ನೂರು ಎಂದುಕೊಂಡಿತು. 1947 ಮತ್ತು 1971ರಲ್ಲಿ ಎಳೆದ ಗೆರೆಗಳ ಎರಡೂ ಬದಿಗೆ ಒಂದೇ ಹುಡುಗಿ ಮನೆ ಮಗಳಾಗಿ ಓಡಾಡಿದ್ದು ಸಣ್ಣ ಸಂಗತಿಯೇನಲ್ಲ. ನಮ್ಮ ರಾಜಕಾರಣಿಗಳಿಗೆ ಇದು ಸಾಧ್ಯವಾಗಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಇದೆ. ಎಲ್ಲರಿಗೂ ಸಲ್ಲುವ ಹಳ್ಳಿಯಲ್ಲಿ ಯಾರಿಗೂ ಇರಿಸುಮುರಿಸಾಗುವ ವಸ್ತು ಇರಬಾರದು. ಬಡತನ ಇರಬಹುದು, ಜಾತಿಯ ಮಾತು ಬೇಡ. ಕಳ್ಳ ಇರಬಹುದು, ಭೂಮಾಲೀಕ ಬೇಡ. ಬಾವಿಯ ನೀರು ಶುದ್ಧವಾಗಿರಬೇಕು ಎನ್ನಬಹುದು, ಆ ಬಾವಿಯಿಂದ ಯಾರು ನೀರು ಸೇದುವಂತಿಲ್ಲ ಎಂಬುದು ಬೇಡ. ಮೊದಲ ಚಿತ್ರಗಳ ಹಳ್ಳಿ ಹೀಗೆ ತುಸು ತೊಳೆದಿಟ್ಟ ಹಾಗೆ ಕಾಣುತ್ತದೆ. ಪ್ರೇಕ್ಷಕ ವರ್ಗ ವಿಸ್ತಾರವಾದಷ್ಟೂ ಹೇಳುವ ಮಾತು ಕಿರಿದಾಗುತ್ತದೆ. ಸ್ನಾಫುವಿಗೆ ಇದ್ದ ಸ್ವಾತಂತ್ರ್ಯ ಮೀನಾಗೆ ಇರಲಿಲ್ಲ.

ಅಪ್ಪನ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚಿತ್ರ ಯಾರಿಗಾಗಿ?

ಅದರ ಹೃದಯ ಹುಡುಗಿಯ ಕಡೆಗಿದೆ. ಗಿಳಿ, ಓಟ, ಕಳ್ಳನನ್ನು ಹಿಡಿಯುವ ಸಂಭ್ರಮ ಎಲ್ಲ ಅವಳಿಗೆ. ಆದರೆ ಅದರ ವಾದ ಅಪ್ಪನ ಕಡೆಗಿದೆ. ಗಮನಿಸಿ, ಮೀನಾಳ ತಂದೆ ಮನಸ್ಸು ಬದಲಾಯಿಸುವುದು ಮಗಳಿಗೂ ಓದುವ ಹಕ್ಕಿದೆ ಎಂದಲ್ಲ. ಲೆಕ್ಕ ಬಂದದ್ದರಿಂದ ಕೋಳಿ ಉಳಿಯಿತು ಎಂದು. ಓದಿದ ಮಗಳು ಮನೆಗೆ ಲಾಭ. ಹುಡುಗಿಗಾಗಿಯೇ ಮಾಡಿದ ಚಿತ್ರವಾಗಿದ್ದರೆ ‘ಶಾಲೆ ನಿನ್ನದು’ ಎಂದು ಹೇಳಬಹುದಿತ್ತು. ಆದರೆ ಹಾಗೆ ಕೇಳಿಸಿಕೊಂಡ ಹುಡುಗಿ ಮನೆಗೆ ಹೋಗಿ ಜಗಳವಾಡಬೇಕಾಗುತ್ತಿತ್ತು, ಒಬ್ಬಳೇ. ಚಿತ್ರ ಮಾಡಿದವರು ಅವಳನ್ನು ಆ ಜಗಳಕ್ಕೆ ಒಂಟಿಯಾಗಿ ಕಳಿಸಲು ಒಪ್ಪಲಿಲ್ಲ. ಅವಳ ಪರವಾಗಿ ಅಪ್ಪನೊಡನೆ ಅಪ್ಪನ ಭಾಷೆಯಲ್ಲಿ ಮಾತಾಡಿದರು.

ಇದನ್ನು ಟೀಕಿಸಬಹುದು. ರಾಜು ಶಾಲೆಗೆ ಹೋಗಲು ಕೋಳಿ ಕಳ್ಳನನ್ನು ಹಿಡಿಯಬೇಕಾಗಿರಲಿಲ್ಲ. ಗಂಡಾಗಿ ಹುಟ್ಟಿದ್ದೇ ಅವನಿಗೆ ಸಾಕಾಯಿತು. ಅವಳು ಮಾತ್ರ ತನ್ನ ಉಪಯೋಗವನ್ನು ಸಾಬೀತು ಮಾಡಿ ತೋರಿಸಬೇಕು. ಚುರುಕಿಲ್ಲದ, ಗಿಳಿಯಿಲ್ಲದ ಸಾಧಾರಣ ಹುಡುಗಿಯ ಗತಿಯೇನು? ಈ ಟೀಕೆ ಸರಿಯಾದದ್ದೇ. ಆದರೂ ಆ ಕಾಲದ ಹಳ್ಳಿಯ ತಂದೆ ಕ್ರೂರಿಯಲ್ಲ, ಲೆಕ್ಕಾಚಾರದವನು, ಅವನ ಲೆಕ್ಕ ತಪ್ಪಾಗಿದೆ ಎಂದು ತೋರಿಸಿದರೆ ತಿದ್ದಿಕೊಳ್ಳುತ್ತಾನೆ ಎಂದು ನಂಬಿದ್ದರಲ್ಲಿ ಅವನ ಬಗ್ಗೆ ಒಂದು ಗೌರವ ಇದೆ. ಉಪದೇಶದ ಚಿತ್ರಗಳಲ್ಲಿ ಬರುವ ಮೀಸೆ ತಿರುವುವ ಖಳ ತಂದೆ ಇವನಲ್ಲ. ಖಳನಲ್ಲಿ ಯಾವ ತಂದೆಯೂ ತನ್ನನ್ನು ಕಂಡುಕೊಳ್ಳುವುದಿಲ್ಲ, ‘ಅದು ಬೇರೆಯವರ ಕತೆ’ ಎಂದು ಎದ್ದು ಹೋಗುತ್ತಾನೆ.

ಮೂರನೆಯ ಪ್ರೇಕ್ಷಕನೂ ಇದ್ದಾನೆ. ಅವನೇ ತಮ್ಮ. ‘ಡಿವೈಡಿಂಗ್ ದ ಮ್ಯಾಂಗೊ’ ಚಿತ್ರದಲ್ಲಿ ಮೀನಾ ಮರ ಹತ್ತಿ ಕಿತ್ತು ತಂದ ಮಾವಿನ ದೊಡ್ಡ ಪಾಲು ರಾಜುವಿಗೆ ಹೋಗುತ್ತದೆ. ಮಕ್ಕಳಿಬ್ಬರೂ ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಅವಳ ಕೆಲಸ ಮಾಡಿ, ಅವಳ ಪಾಲಿನಷ್ಟೇ ಉಂಡು ರಾಜು ಸುಸ್ತಾಗುತ್ತಾನೆ. ದೊಡ್ಡ ಪಾಲು ಗಂಡು ಮಗುವಿಗೆ ಎಂಬ ಪದ್ಧತಿಯನ್ನು ಕಾಯುವವರು ಬಹಳ ಸಲ ಮನೆಯ ಹಿರಿಯ ಹೆಂಗಸರೇ ಎಂಬುದನ್ನೂ ಚಿತ್ರ ಮರೆಮಾಚುವುದಿಲ್ಲ, ಅಜ್ಜಿಯನ್ನು ಎದುರಿಗೇ ಕೂರಿಸುತ್ತದೆ. ಆದರೆ ಅಜ್ಜಿಯನ್ನು ಅವಮಾನಿಸುವುದಿಲ್ಲ. ಸರಣಿಯಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದು. ಒಂದೇ ತಟ್ಟೆಯ ಸುತ್ತ ಕೂತ ಮನೆಮಂದಿಯನ್ನೆಲ್ಲ ಒಟ್ಟಿಗೆ ಪ್ರೇಕ್ಷಕರೆಂದು ಎಣಿಸಿ ಯಾರನ್ನೂ ಓಡಿಸದೆ ಹೇಳುವುದು ಸುಲಭವಲ್ಲ.

1993ರಲ್ಲಿ ಬಾಂಗ್ಲಾದೇಶದ ಟಿವಿಯಲ್ಲಿ ಮೀನಾ ಪ್ರಸಾರವಾಯಿತು. ಹಳ್ಳಿಗಳಲ್ಲಿ ಟಿವಿ ಕಡಿಮೆ. ಸಂಚಾರಿ ವ್ಯಾನುಗಳು ಬಯಲಿನಲ್ಲಿ ಪರದೆ ಕಟ್ಟಿದವು. ಚಿತ್ರಪುಸ್ತಕಗಳು ಬಂದವು. ಬಿಬಿಸಿ ವರ್ಲ್ಡ್ ಸರ್ವಿಸ್ ಹಿಂದಿ, ಉರ್ದು, ಬಾಂಗ್ಲಾ, ನೇಪಾಳಿಗಳಲ್ಲಿ ರೇಡಿಯೊ ಸರಣಿ ಮಾಡಿತು. ವರದಕ್ಷಿಣೆ, ಎಳೆಯ ವಯಸ್ಸಿನ ಮದುವೆ, ಭೇದಿಗೆ ಉಪ್ಪು-ಸಕ್ಕರೆ ನೀರು, ಕೈ ತೊಳೆಯುವುದು, ಹೀಗೆ ಕತೆಗಳು ಬೆಳೆದವು. ಸೆಪ್ಟೆಂಬರ್ 24 ಅಲ್ಲಿ ಮೀನಾ ದಿನವಾಯಿತು. ಉತ್ತರ ಪ್ರದೇಶದ ಶಾಲೆಗಳಲ್ಲಿ ‘ಮೀನಾ ಮಂಚ್’ ಎಂಬ ಹುಡುಗಿಯರ ಕೂಟಗಳು ಹುಟ್ಟಿದವು, 2010ರಲ್ಲಿ ಅಲ್ಲಿ ‘ಮೀನಾ ಕಿ ದುನಿಯಾ’ ರೇಡಿಯೊ ಕಾರ್ಯಕ್ರಮ ಆರಂಭವಾಯಿತು.

ಬಾಂಗ್ಲಾದೇಶದಲ್ಲಿ ಹೆಣ್ಣುಮಕ್ಕಳ ಶಾಲಾ ದಾಖಲಾತಿ ಆ ದಶಕದಲ್ಲಿ ಏರಿದ್ದನ್ನು ಮೀನಾಳ ಖಾತೆಗೆ ಬರೆಯುವವರಿದ್ದಾರೆ. ಅಷ್ಟು ಸರಳವಲ್ಲ ಅದು. 1994ರಿಂದ ಆ ದೇಶದ ಸರ್ಕಾರ ಗ್ರಾಮೀಣ ಪ್ರೌಢಶಾಲೆಯ ಹುಡುಗಿಯರಿಗೆ ವಿದ್ಯಾರ್ಥಿ ವೇತನ ಕೊಡತೊಡಗಿತು. ಶುಲ್ಕ ಮಾಫಿ. ಷರತ್ತು ಮೂರು. ನೂರಕ್ಕೆ 75 ಹಾಜರಿ, ಪರೀಕ್ಷೆಯಲ್ಲಿ 45 ಅಂಕ, ಮತ್ತು ಶಾಲೆ ಮುಗಿಯುವ ತನಕ ಮದುವೆ ಮಾಡಕೂಡದು. ಈ ಯೋಜನೆ ಮಾತಾಡುತ್ತಿದ್ದುದೂ ಮೀನಾಳ ಅಪ್ಪನ ಜೊತೆಗೇ, ಅವನ ಲೆಕ್ಕದ ಭಾಷೆಯಲ್ಲೇ. ಚಿತ್ರದಲ್ಲಿ ಉಳಿದದ್ದು ಒಂದು ಕೋಳಿ, ಇಲ್ಲಿ ಮನೆಗೆ ಬಂದದ್ದು ನಗದು. ಇವೆರಡರಲ್ಲಿ ಯಾವುದರ ಪಾಲು ಎಷ್ಟು ಎಂದು ತೂಗಲು ತಕ್ಕಡಿ ಇಲ್ಲ. ಹಣದ ಪಾಲೇ ದೊಡ್ಡದು ಎಂಬುದು ನನ್ನ ಊಹೆ. ಆದರೆ ಹಣ ತೆಗೆದುಕೊಳ್ಳುವಾಗ ನಾಚಿಕೆಯಾಗದಂತೆ, ‘ಮೀನಾ ಹೋಗುತ್ತಾಳಲ್ಲ, ನಮ್ಮವಳೂ ಹೋಗಲಿ’ ಎನ್ನಲು ತಂದೆಗೊಂದು ಮಾತು ಬೇಕಿತ್ತು. ಅದನ್ನು ಕಾರ್ಟೂನು ಕೊಟ್ಟಿರಬಹುದು.

ಮೆಕ್ಕೀ ಆಮೇಲೆ ನೈರೋಬಿಗೆ ವರ್ಗವಾದರು. ಪೂರ್ವ ಮತ್ತು ದಕ್ಷಿಣ ಆಫ್ರಿಕಾಕ್ಕೂ ಮೀನಾಳನ್ನೇ ಬಣ್ಣ ಬದಲಿಸಿ ಕಳಿಸಬಹುದಿತ್ತು. ಹಾಗೆ ಮಾಡದೆ ಮತ್ತೆ ಮೊದಲಿನಿಂದ ಹಳ್ಳಿಗಳಿಗೆ ಹೋದರು, ಈ ಸಲವೂ ಮೀರಾ ಆಘಿ ಜೊತೆಗಿದ್ದರು. ಅಲ್ಲಿ ಹುಟ್ಟಿದ ಹುಡುಗಿಯ ಹೆಸರು ಸಾರಾ. ಇದೂ ಹಾಗೆಯೇ, ಚರ್ಚಿಗೆ ಹೋಗುವ ಮನೆಯಲ್ಲೂ ಮಸೀದಿಗೆ ಹೋಗುವ ಮನೆಯಲ್ಲೂ ಇರುವ ಹೆಸರು. ಜೊತೆಗೆ ಗಿಳಿಯ ಬದಲು ಜಿಂಗೊ ಎಂಬ ಮಂಗ. ಆದರೆ ಸಾರಾ ಒಂಬತ್ತರ ಮಗುವಲ್ಲ, ಪ್ರಾಯಕ್ಕೆ ಬರುತ್ತಿರುವ ಹುಡುಗಿ. ಶಾಲೆಯ ದಾರಿಯಲ್ಲಿ ಗಂಡಸರ ಕಾಟ, ಹೆಣ್ಣುಮಕ್ಕಳ ಜನನಾಂಗ ಛೇದನ, ಇಂಥ ಸಂಗತಿಗಳು ಅವಳ ಕತೆಗಳಲ್ಲಿ ಬಂದವು. ಮೀನಾಳ ಹಳ್ಳಿಯಲ್ಲಿ ಆಡಲಾಗದ ಮಾತುಗಳನ್ನು ಸಾರಾ ಆಡಿದಳು, ಅಲ್ಲಿ ಪರದೆಯ ಮುಂದೆ ಕೂತವರು ಬೇರೆಯವರಾಗಿದ್ದರು.

ರಾಮ್ ಮೋಹನ್ 2014ರಲ್ಲಿ ಪದ್ಮಶ್ರೀ ಪಡೆದರು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ವಿಜಯಾ ಮುಳೆ ಅವರು ಹೋದದ್ದೂ ಅದೇ ವರ್ಷ, 98ರ ಹಣ್ಣು ವಯಸ್ಸಿನಲ್ಲಿ. ಮೀನಾಳ ಚಿತ್ರಗಳು ಇಂದು ಅಂತರ್ಜಾಲದಲ್ಲಿ ಯಾರ ಮೊಬೈಲಿಗೂ ಸಿಗುತ್ತವೆ. ಈಗ ಅದನ್ನು ಹಾಕಿ ಮಕ್ಕಳನ್ನು ಮುಂದೆ ಕೂರಿಸುವವರಲ್ಲಿ, 1993ರಲ್ಲಿ ವ್ಯಾನಿನ ಪರದೆಯ ಮುಂದೆ ನೆಲದ ಮೇಲೆ ಕೂತಿದ್ದ ಹುಡುಗಿಯರೂ ಇದ್ದಾರು. ಅವರಿಗೀಗ ನಲವತ್ತು ದಾಟಿದೆ.